ಕಿಂಗ್ ಅನ್ನೋ ಪದ: ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ವರ್ಷಗಳೇ ಕಳೆದವು. ಪದಗಳ ಹುಟ್ಟು ಹುಡುಕೋದು ನನ್ನ ಹಳೇ ಚಟ ಅಂತ ಗೊತ್ತಿರುವವರು ಮದುವೆಮನೆಯಲ್ಲೂ ಬಿಡೋದಿಲ್ಲ, ಎಲೆ ಮುಂದೆ ಕೂತಾಗಲೂ ಏನಾದರೂ ಕೇಳ್ತಾರೆ. ‘ಕಿಂಗ್’ ಬಗ್ಗೆ ಬಂದಷ್ಟು ಪ್ರಶ್ನೆ ಬೇರೆ ಯಾವ ಪದದ ಬಗ್ಗೆಯೂ ಬಂದಿಲ್ಲ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಬೇರು ಕೆದಕುವವು.

## ಮೊದಲ ಹೆಜ್ಜೆ

ಮೇಷ್ಟ್ರೇ, ಕಿಂಗ್ ಅಂದ್ರೆ ರಾಜ. ಇದರಲ್ಲಿ ಹುಡುಕೋಕೆ ಏನಿದೆ?

ಅರ್ಥ ಒಂದೇ, ಒಳಗಿನ ಕಥೆ ಬೇರೆ. ‘ರಾಜ’ ಅನ್ನೋ ಪದದ ಬೇರಿನಲ್ಲಿ ಆಳುವ, ದಾರಿ ತೋರುವ ಕೆಲಸ ಇದೆ. ‘ಕಿಂಗ್’ ಪದದ ಬೇರಿನಲ್ಲಿ ಆಳ್ವಿಕೆಯೇ ಇಲ್ಲ. ಕಿರೀಟವಿಲ್ಲ, ಸಿಂಹಾಸನವಿಲ್ಲ, ಕತ್ತಿಯೂ ಇಲ್ಲ. ಅಲ್ಲಿರೋದು ಕುಲ, ನೆಂಟಸ್ತಿಕೆ, ಹುಟ್ಟು. ಇವತ್ತು ನಾವು ಬಳಸುವ ಅರ್ಥಗಳಂತೂ ಹತ್ತಾರು: ದೇಶದ ದೊರೆ, ಚೆಸ್ಸಿನ ಕಾಯಿ, ಇಸ್ಪೀಟಿನ ಎಲೆ, ಆರಡಿ ಅಗಲದ ಹಾಸಿಗೆ, ಬೆಂಗಳೂರಿನ ಕ್ರಿಕೆಟ್ ಮೈದಾನದಲ್ಲಿ ಕೊಹ್ಲಿ ಬ್ಯಾಟು ಹಿಡಿದು ಇಳಿದಾಗ ಏಳುವ ಕೂಗು. ಎಲ್ಲಕ್ಕೂ ಮೂಲ ಅದೇ ಒಂದು ಪದ.

ಆ ಪದ ಬಂದಿದ್ದು ಎಲ್ಲಿಂದ?

ಹಳೆಯ ಇಂಗ್ಲಿಷಿನಲ್ಲಿ, ಅಂದರೆ ಸುಮಾರು ಸಾವಿರದ ಇನ್ನೂರು ವರ್ಷದ ಹಿಂದೆ, ಇದು ‘ಕ್ಯುನಿಂಗ್’ ಅಂತ ಇತ್ತು. ಅದನ್ನು ಎರಡು ತುಂಡು ಮಾಡಿ ನೋಡಿ. ‘ಕ್ಯುನ್’ ಅಂದರೆ ಕುಲ, ವಂಶ. ಇಂದಿನ ಇಂಗ್ಲಿಷಿನಲ್ಲಿ ನೆಂಟರು ಅನ್ನೋ ಅರ್ಥದಲ್ಲಿ ಉಳಿದಿರುವ ‘ಕಿನ್’ ಅದೇ. ‘ಇಂಗ್’ ಅನ್ನೋ ಬಾಲಕ್ಕೆ ‘ಅದಕ್ಕೆ ಸೇರಿದವನು’, ‘ಅವನ ಮಗ’ ಅಂತ ಅರ್ಥ. ಆಗಿನ ವಂಶಾವಳಿಗಳಲ್ಲಿ ಎಥೆಲ್ವುಲ್ಫನ ಮಗ ಅನ್ನೋದನ್ನು ‘ಎಥೆಲ್ವುಲ್ಫಿಂಗ್’ ಅಂತ ಬರೀತಿದ್ದರು. ರೆಡಿಂಗ್, ಹೇಸ್ಟಿಂಗ್ಸ್ ಊರುಗಳ ಹೆಸರಲ್ಲಿರೋದೂ ಅದೇ ‘ಇಂಗ್’, ಇಂಥವನ ಕಡೆಯವರು ಇದ್ದ ಜಾಗ ಅಂತ.

ಹಾಗಾಗಿ ಕ್ಯುನಿಂಗ್ ಅಂದರೆ ‘ಕುಲದವನು’. ಇದನ್ನು ಒಳ್ಳೆ ಕುಲದಲ್ಲಿ ಹುಟ್ಟಿದವನು ಅಂತ ಓದಬೇಕೋ, ಇಡೀ ಕುಲದ ಪರವಾಗಿ ನಿಲ್ಲುವವನು ಅಂತಲೋ ಅನ್ನೋದರಲ್ಲಿ ವಿದ್ವಾಂಸರ ನಡುವೆ ಜಗಳ ಇದೆ. ನನಗೆ ಎರಡನೆಯದೇ ಇಷ್ಟ, ಆದರೆ ಇಷ್ಟ ಅನ್ನೋದು ಸಾಕ್ಷಿ ಆಗೋದಿಲ್ಲ. ಬರ್ತಾ ಬರ್ತಾ ನಡುವಿನ ಉಚ್ಚಾರ ಸವೆದು ‘ಕಿಂಗ್’ ಆಯ್ತು. ನಮ್ಮಲ್ಲಿ ‘ಮಾಡುತ್ತಾನೆ’ ಬಾಯಲ್ಲಿ ‘ಮಾಡ್ತಾನೆ’ ಆಗಲಿಲ್ವಾ, ಹಾಗೆ.

ಕ್ವೀನ್ ಅನ್ನೋದು ಕಿಂಗ್‌ನ ಸ್ತ್ರೀಲಿಂಗ ತಾನೇ? ಪರೀಕ್ಷೆಯಲ್ಲಿ ಹಾಗೇ ಬರೆದಿದ್ದೀನಿ

ಪರೀಕ್ಷೆಗೆ ಸರಿ, ಮಾರ್ಕ್ಸ್ ಬರುತ್ತೆ. ಆದರೆ ಹುಟ್ಟಿನಲ್ಲಿ ಎರಡಕ್ಕೂ ಸಂಬಂಧವಿಲ್ಲ. ಜರ್ಮನ್ನರು ರಾಜನನ್ನು ‘ಕೋನಿಗ್’ ಅಂತಾರೆ, ರಾಣಿಯನ್ನು ‘ಕೋನಿಗಿನ್’. ಗೌಡ, ಗೌಡತಿ ಇದ್ದ ಹಾಗೆ ಒಂದರಿಂದ ಇನ್ನೊಂದು. ಇಂಗ್ಲಿಷ್ ಹಾಗೆ ಮಾಡಲಿಲ್ಲ. ಹೆಂಗಸು, ಹೆಂಡತಿ ಅನ್ನೋ ಬೇರೆಯದೇ ಹಳೆಯ ಪದವನ್ನು ರಾಜನ ಹೆಂಡತಿಗೆ ಮೀಸಲಿಟ್ಟಿತು. ಗ್ರೀಕಿನಲ್ಲಿ ಆ ಬೇರಿನಿಂದ ಬಂದದ್ದು ‘ಗುನೆ’, ನಾವು ಆಸ್ಪತ್ರೆಯಲ್ಲಿ ಹೇಳುವ ಗೈನಕಾಲಜಿ ಅದರದೇ ಕೂಸು. ಪರ್ಷಿಯನ್ನಿನಲ್ಲಿ ಅದೇ ಬೇರು ‘ಝನ್’ ಆಯ್ತು, ಅದರಿಂದ ಅರಮನೆಯ ‘ಜನಾನಾ’ ಬಂತು. ಅಂದರೆ ಕ್ವೀನ್, ಗೈನಕಾಲಜಿ, ಜನಾನಾ ಮೂರೂ ದೂರದ ಅಕ್ಕತಂಗಿಯರು.

ಇನ್ನೊಂದು ತಮಾಷೆ. ಅದೇ ಬೇರಿನ ಇನ್ನೊಂದು ರೂಪ, ಉಚ್ಚಾರದಲ್ಲಿ ಹೆಚ್ಚುಕಮ್ಮಿ ಕ್ವೀನ್ ಥರವೇ ಕೇಳಿಸೋದು, ಇಂಗ್ಲಿಷಿನಲ್ಲಿ ಕೆಟ್ಟ ನಡತೆಯ ಹೆಂಗಸು ಅನ್ನೋ ಬೈಗುಳವಾಯ್ತು. ಒಬ್ಬಳು ಸಿಂಹಾಸನ ಹತ್ತಿದಳು, ಇನ್ನೊಬ್ಬಳು ಬೀದಿಗೆ ಬಿದ್ದಳು.

ಕಿಂಗ್, ಎಂಪರರ್, ಮೋನಾರ್ಕ್ ಮೂರೂ ಒಂದೇನಾ?

ಮೋನಾರ್ಕ್ ಅನ್ನೋದು ದೊಡ್ಡ ಚೀಲ. ಗ್ರೀಕಿನಲ್ಲಿ ‘ಒಬ್ಬನೇ’ ಮತ್ತು ‘ಆಳುವುದು’ ಅನ್ನೋ ಎರಡು ಪದ ಸೇರಿ ಆದದ್ದು. ರಾಜ, ರಾಣಿ, ಸುಲ್ತಾನ, ಚಕ್ರವರ್ತಿ ಎಲ್ಲರೂ ಆ ಚೀಲದೊಳಗೆ. ಎಂಪರರ್ ಲ್ಯಾಟಿನ್ನಿನ ‘ಇಂಪೆರಾಟೋರ್’ನಿಂದ ಬಂತು, ಅದು ಮೊದಲು ಗೆದ್ದ ಸೇನಾಪತಿಗೆ ಕೊಡುತ್ತಿದ್ದ ಬಿರುದು. ಕಿಂಗ್ ಕುಲದಿಂದ ಬಂದವನು, ಎಂಪರರ್ ದಂಡಿನಿಂದ ಬಂದವನು.

ರಾಜನ ಹೆಂಡತಿ ಕ್ವೀನ್ ಆಗ್ತಾಳೆ. ರಾಣಿಯ ಗಂಡ ಯಾಕೆ ಕಿಂಗ್ ಆಗಲ್ಲ?

ಕ್ವೀನ್ ಪದಕ್ಕೆ ಎರಡು ಅರ್ಥ ಇದೆ: ತಾನೇ ಆಳುವವಳು, ಆಳುವವನ ಹೆಂಡತಿ. ಕಿಂಗ್ ಪದಕ್ಕೆ ಒಂದೇ ಅರ್ಥ: ಆಳುವವನು. ಅದಕ್ಕೇ ಎರಡನೇ ಎಲಿಜಬೆತ್ ರಾಣಿಯ ಗಂಡ ಫಿಲಿಪ್ ಕೊನೇ ತನಕ ಪ್ರಿನ್ಸ್ ಆಗಿಯೇ ಇದ್ದರು. ಹಿಂದೆ ಒಮ್ಮೆ ಹೀಗಿರಲಿಲ್ಲ. 1554ರಲ್ಲಿ ಮೊದಲನೇ ಮೇರಿ ಸ್ಪೇನಿನ ಫಿಲಿಪ್‌ನನ್ನು ಮದುವೆಯಾದಾಗ ಅವನಿಗೆ ಕಿಂಗ್ ಅನ್ನೋ ಹೆಸರು ಕೊಟ್ಟರು, ಆದರೆ ಅದು ಮೇರಿ ಬದುಕಿರೋ ತನಕ ಮಾತ್ರ.

## ಪೇಟೆ, ಮನೆ, ಪೇಪರಿನ ಕಿಂಗ್‌ಗಳು

ಕಿಂಗ್ ಕೋಬ್ರಾ ನಿಜವಾಗಿ ನಾಗರಹಾವುಗಳ ರಾಜನಾ?

ರಾಜ ಇರಬಹುದು, ಆದರೆ ಪ್ರಜೆಗಳನ್ನೇ ತಿನ್ನುವ ರಾಜ. ಇದು ನಾಗರಹಾವಿನ ಗುಂಪಿಗೆ ಸೇರಿದ್ದೂ ಅಲ್ಲ. ಅದರ ವೈಜ್ಞಾನಿಕ ಹೆಸರಿನ ಮೊದಲ ಭಾಗ ‘ಓಫಿಯೋಫೇಗಸ್’, ಅಂದರೆ ಹಾವು ತಿನ್ನುವುದು. ಕೇರೆಹಾವು, ನಾಗರಹಾವು ಸಿಕ್ಕರೆ ನುಂಗುತ್ತೆ. ಅಮೆರಿಕದಲ್ಲೂ ಬೇರೆ ಹಾವು ತಿನ್ನುವ ವಿಷವಿಲ್ಲದ ಹಾವೊಂದಕ್ಕೆ ಕಿಂಗ್‌ಸ್ನೇಕ್ ಅಂತಾರೆ. ನಮಗೆ ಹೆಮ್ಮೆಯ ವಿಷಯ ಬೇರೆ ಇದೆ. ಕಿಂಗ್ ಕೋಬ್ರಾ ಅನ್ನೋದು ಒಂದೇ ಜಾತಿಯಲ್ಲ, ನಾಲ್ಕು ಅಂತ 2024ರಲ್ಲಿ ವಿಜ್ಞಾನಿಗಳು ತೀರ್ಮಾನಿಸಿದರು. ಅದರಲ್ಲಿ ಪಶ್ಚಿಮ ಘಟ್ಟದ ಜಾತಿಗೆ ಇಟ್ಟ ಹೆಸರು ‘ಓಫಿಯೋಫೇಗಸ್ ಕಾಳಿಂಗ’. ಆಗುಂಬೆ ಕಡೆಯವರು ಕರೀತಿದ್ದ ಕಾಳಿಂಗನೇ ಈಗ ಲೋಕದ ಪುಸ್ತಕಕ್ಕೆ ಸೇರಿದ.

ಮಿಂಚುಳ್ಳಿಗೆ ಯಾಕೆ ಕಿಂಗ್‌ಫಿಶರ್?

ಹದಿನೈದನೇ ಶತಮಾನದಲ್ಲಿ ಅದು ‘ಕಿಂಗ್ಸ್ ಫಿಶರ್’, ರಾಜನ ಮೀನುಗಾರ. ಬಾಯಲ್ಲಿ ತಿರುಗಿ ತಿರುಗಿ ನಡುವಿನ ‘ಸ್’ ಬಿದ್ದುಹೋಯ್ತು. ನನ್ನ ಕೇಳಿದರೆ ಮಿಂಚುಳ್ಳಿ ಇದಕ್ಕಿಂತ ಚೆಂದದ ಹೆಸರು. ಬೆಂಗಳೂರಿನಲ್ಲಿ ಕಿಂಗ್‌ಫಿಶರ್ ಅಂದರೆ ಎಷ್ಟು ಜನಕ್ಕೆ ಹಕ್ಕಿ ನೆನಪಾಗುತ್ತೆ ಹೇಳಿ.

ಇಸ್ಪೀಟಿನಲ್ಲಿ ಗುಲಾಮನ ಎಲೆ ಮೇಲೆ ಜೆ ಅಂತ ಇರುತ್ತಲ್ಲ, ಅದಕ್ಕೂ ರಾಜನಿಗೂ ಏನೋ ನಂಟಿದೆ ಅಂತ ಯಾರೋ ಹೇಳಿದ್ರು

ಸರಿಯಾಗೇ ಹೇಳಿದ್ದಾರೆ. ಇಂಗ್ಲೆಂಡಿನಲ್ಲಿ ಆ ಎಲೆಯ ಹಳೇ ಹೆಸರು ‘ನೇವ್’. ಮೊದಲು ಅದಕ್ಕೆ ಹುಡುಗ, ಆಳು ಅಂತ ಅರ್ಥ, ಆಮೇಲೆ ಕಳ್ಳ ಖದೀಮ ಅಂತ ಆಯ್ತು. ನಮ್ಮ ‘ಗುಲಾಮ’ ಆ ಹಳೇ ಅರ್ಥಕ್ಕೆ ಎಷ್ಟು ಹತ್ತಿರ ನೋಡಿ. ಹತ್ತೊಂಬತ್ತನೇ ಶತಮಾನದಲ್ಲಿ ಎಲೆಯ ಮೂಲೆಯಲ್ಲಿ ಅಕ್ಷರ ಹಾಕೋದು ಶುರುವಾಯ್ತು, ಕೈಯಲ್ಲಿ ಬೀಸಣಿಗೆ ಥರ ಹಿಡಿದಾಗ ಮೂಲೆ ಮಾತ್ರ ಕಾಣುತ್ತಲ್ಲ, ಅದಕ್ಕೆ. ಕಿಂಗ್‌ಗೆ ‘ಕೆ’, ನೇವ್‌ಗೆ ‘ಕೆ ಎನ್’. ಆಟದ ಬಿಸಿಯಲ್ಲಿ ಗುಲಾಮನನ್ನೇ ರಾಜ ಅಂದುಕೊಳ್ಳೋ ಗೊಂದಲ. ಕೊನೆಗೆ ‘ಜ್ಯಾಕ್’ ಅನ್ನೋ ಹೆಸರೇ ಗೆದ್ದಿತು.

ಕೈಯಲ್ಲಿ ಕಟ್ಟು ಇದ್ದರೆ ಈಗಲೇ ಆಟೀನ್ ರಾಜನನ್ನು ತೆಗೆದು ನೋಡಿ. ನಾಲ್ಕು ರಾಜರಲ್ಲಿ ಅವನೊಬ್ಬನಿಗೇ ಮೀಸೆ ಇಲ್ಲ. ಕತ್ತಿಯೂ ತಲೆಯೊಳಗೇ ಹೊಕ್ಕ ಹಾಗಿದೆ. ಶತಮಾನಗಟ್ಟಲೆ ಒಂದು ಅಚ್ಚು ನೋಡಿ ಇನ್ನೊಂದು ಕೆತ್ತುತ್ತಾ ಹೋದವರ ಕೈಯಲ್ಲಿ ಚಿತ್ರ ಹೀಗೆ ಕೆಟ್ಟಿತು.

ಎಲೆಕ್ಷನ್ ಬಂದ್ರೆ ಸಾಕು ಪೇಪರಿನಲ್ಲಿ ಕಿಂಗ್‌ಮೇಕರ್ ಅಂತ ಬರುತ್ತೆ. ಮೊದಲ ಕಿಂಗ್‌ಮೇಕರ್ ಯಾರು?

ಇಂಗ್ಲಿಷಿನಲ್ಲಿ ಆ ಬಿರುದು ಅಂಟಿಕೊಂಡಿರೋದು ಹದಿನೈದನೇ ಶತಮಾನದ ರಿಚರ್ಡ್ ನೆವಿಲ್‌ಗೆ, ವಾರ್ವಿಕ್ ಪ್ರಾಂತ್ಯದ ಅರ್ಲ್, ಅಂದರೆ ದೊಡ್ಡ ಸರದಾರ. 1461ರಲ್ಲಿ ನಾಲ್ಕನೇ ಎಡ್ವರ್ಡ್‌ನನ್ನು ಗದ್ದುಗೆಗೆ ಏರಿಸಿದವರಲ್ಲಿ ಅವನೇ ಮುಂದಾಳು. ಆಮೇಲೆ ಮುನಿಸಿಕೊಂಡು 1470ರಲ್ಲಿ ಹಳೇ ರಾಜ ಆರನೇ ಹೆನ್ರಿಯನ್ನೇ ಮತ್ತೆ ಕೂರಿಸಿದ. ಮರುವರ್ಷ ಬಾರ್ನೆಟ್ ಯುದ್ಧದಲ್ಲಿ ಸತ್ತ. ನಮ್ಮ ಪೇಪರುಗಳು ಈ ಪದವನ್ನು ಎಷ್ಟು ಪಳಗಿಸಿಕೊಂಡಿವೆ ಅಂದರೆ ಅನುವಾದ ಮಾಡುವ ಯೋಚನೆಯೇ ಯಾರಿಗೂ ಬಂದಿಲ್ಲ. 2018ರಲ್ಲಂತೂ ಕಿಂಗ್‌ಮೇಕರ್ ಆಗ್ತಾರೆ ಅಂತ ಎಲ್ಲರೂ ಬರೆದ ಪಕ್ಷದವರೇ ಮುಖ್ಯಮಂತ್ರಿ ಆದರು. ನೆವಿಲ್‌ಗೆ ಆ ಅದೃಷ್ಟ ಇರಲಿಲ್ಲ.

ಕಿಂಗ್ ಇರುವಾಗ ರಾಯಲ್, ರೀಗಲ್ ಎಲ್ಲ ಯಾಕೆ ಬೇಕಿತ್ತು?

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಬಂದು ಇಂಗ್ಲೆಂಡ್ ಗೆದ್ದರು. ಅರಮನೆಯಲ್ಲಿ ಫ್ರೆಂಚ್ ಬಂತು. ಪ್ರಿನ್ಸ್, ಡ್ಯೂಕ್, ಕ್ರೌನ್, ಪ್ಯಾಲೆಸ್, ರಾಯಲ್ ಎಲ್ಲ ಆ ದಾರಿಯಲ್ಲಿ ಬಂದವು. ಆದರೆ ಕಿಂಗ್, ಕ್ವೀನ್, ಲಾರ್ಡ್, ಲೇಡಿ ಮಾತ್ರ ಜಾಗ ಬಿಡಲಿಲ್ಲ. ರೀಗಲ್ ನೇರ ಲ್ಯಾಟಿನ್ನಿನದು, ರಾಯಲ್ ಅದೇ ಲ್ಯಾಟಿನ್ ಪದ ಫ್ರೆಂಚರ ಬಾಯಲ್ಲಿ ಸವೆದದ್ದು. ಹಾಗಾಗಿ ಇಂಗ್ಲಿಷಿಗೆ ಮನೆಯದು ಒಂದು, ಬಂದ ಬಳುವಳಿ ಎರಡು. ಕನ್ನಡದಲ್ಲಿ ಅರಸು, ದೊರೆ, ರಾಜ, ಸುಲ್ತಾನ, ಬಾದಷಹ ಪದರ ಪದರವಾಗಿ ಕೂತಿರುವ ಹಾಗೇ.

ಮೈಸೂರು ಮಹಾರಾಜರನ್ನು ಬ್ರಿಟಿಷರು ಕಿಂಗ್ ಅಂತ ಯಾಕೆ ಕರೀಲಿಲ್ಲ?

ಇದಕ್ಕೆ ಉತ್ತರ ನಮ್ಮಜ್ಜಿಯ ಹಿತ್ತಾಳೆ ಡಬ್ಬಿಯಲ್ಲಿತ್ತು. ಅದರಲ್ಲಿ ಅರಿಶಿನ ಕುಂಕುಮದ ಜೊತೆ ಮೂರು ಬೆಳ್ಳಿ ರೂಪಾಯಿ. ಒಂದರ ಮೇಲೆ ‘ವಿಕ್ಟೋರಿಯಾ ಕ್ವೀನ್’, 1862 ಅಂತ ಇತ್ತು. ಇನ್ನೊಂದು ಅದೇ ಮುಖ, ಆದರೆ ಬರಹ ‘ವಿಕ್ಟೋರಿಯಾ ಎಂಪ್ರೆಸ್’. ಮೂರನೆಯದು ಬೋಳುತಲೆಯ ಗಡ್ಡದವರು, ಏಳನೇ ಎಡ್ವರ್ಡ್, ‘ಕಿಂಗ್ ಆ್ಯಂಡ್ ಎಂಪರರ್’. ಅಜ್ಜಿಗೆ ಮೂರೂ ಒಂದೇ, ಲಕ್ಷ್ಮೀಪೂಜೆಗೆ ಇಡೋ ರೂಪಾಯಿ.

ಮೊದಲ ಎರಡು ನಾಣ್ಯಗಳ ನಡುವೆ ನಡೆದದ್ದು ಇಷ್ಟು. 1876ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಕಾನೂನು ಮಾಡಿತು, 1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾ ಭಾರತದ ಎಂಪ್ರೆಸ್ ಅಂತ ಸಾರಿದರು. ಉರ್ದುವಿನಲ್ಲಿ ‘ಕೈಸರ್-ಎ-ಹಿಂದ್’. ಮೇಲೆ ಒಬ್ಬರು ಚಕ್ರವರ್ತಿನಿ ಕೂತ ಮೇಲೆ ಕೆಳಗಿನವರು ಕಿಂಗ್ ಆದರೆ ಲೆಕ್ಕ ತಪ್ಪುತ್ತೆ, ಆ ಪದ ಲಂಡನ್ನಿನಲ್ಲಿರುವ ಒಬ್ಬರಿಗೇ ಇರಲಿ ಅಂತ. ಆದ್ದರಿಂದ ನಮ್ಮ ರಾಜರೆಲ್ಲ ಇಂಗ್ಲಿಷಿನಲ್ಲಿ ‘ಪ್ರಿನ್ಸ್’ಗಳು, ನಮ್ಮದು ‘ಪ್ರಿನ್ಸ್ಲಿ ಸ್ಟೇಟ್’. ‘ಮೆಜೆಸ್ಟಿ’ ಇಲ್ಲ, ‘ಹೈನೆಸ್’ ಮಾತ್ರ. ಮೈಸೂರಿಗೆ 21 ತೋಪಿನ ಮರ್ಯಾದೆ ಇತ್ತು, ಇಡೀ ದೇಶದಲ್ಲಿ ಐದೇ ಸಂಸ್ಥಾನಕ್ಕೆ ಅದು ಸಿಕ್ಕಿದ್ದು. ತೋಪು ಹೊಡೆಯೋಕೆ ಮದ್ದು ಇತ್ತು, ಒಂದು ಪದ ಕೊಡೋಕೆ ಮಾತ್ರ ಮನಸ್ಸಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ 1950ರ ಜನವರಿ 26ರ ತನಕ ಕಾಗದದ ಮೇಲೆ ನಮಗೆ ಕಿಂಗ್ ಇದ್ದರು, ಆರನೇ ಜಾರ್ಜ್. ‘ಭಾರತದ ಎಂಪರರ್’ ಅನ್ನೋ ಬಿರುದನ್ನು ಅವರು 1948ರ ಜೂನ್‌ನಲ್ಲೇ ಬಿಟ್ಟಿದ್ದರು.

## ಬೇರು ಕೆದಕುವವರಿಗೆ

ಸಂಸ್ಕೃತದ ‘ಜನಕ’ದಿಂದಲೇ ಕಿಂಗ್ ಬಂತು ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಸುಳ್ಳಾ?

ಅರ್ಧ ಸುಳ್ಳು. ಆ ಅರ್ಧ ಸುಳ್ಳಿಗೂ ದೊಡ್ಡ ಮನೆತನ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಕೂಡ ಕಿಂಗ್ ಮತ್ತು ಜನಕ ಎರಡನ್ನೂ ಒಂದೇ ಪದ ಅಂತ ಹೇಳಿದ್ದರು. ಈಗ ಯಾರೂ ಹಾಗೆ ಒಪ್ಪೋದಿಲ್ಲ. ಸಂಸ್ಕೃತದಿಂದ ಇಂಗ್ಲಿಷಿಗೆ ಪದ ಹೋಗಲಿಲ್ಲ. ಇವೆರಡಕ್ಕಿಂತ ಹಳೆಯ ತಾಯಿನುಡಿಯೊಂದರಿಂದ ಎರಡಕ್ಕೂ ಬೇರು ಬಂತು. ‘ಹುಟ್ಟು, ಹುಟ್ಟಿಸು’ ಅನ್ನೋದು ಆ ಬೇರಿನ ಅರ್ಥ.

ಸಾಕ್ಷಿ ಬೇಕಲ್ವಾ? ಸಂಸ್ಕೃತದಲ್ಲಿ ‘ಜ’ ಇರೋ ಕಡೆ ಇಂಗ್ಲಿಷಿನಲ್ಲಿ ‘ಕ’ ಬರುವ ಒಂದು ಸಾಲು ಪದಗಳಿವೆ. ಜಾನು ಅಂದರೆ ಮೊಣಕಾಲು, ಆಜಾನುಬಾಹು ಅಂತೀವಲ್ಲ ಅದರಲ್ಲಿರೋದು. ಇಂಗ್ಲಿಷಿನಲ್ಲಿ ಅದು ‘ನೀ’, ಬರೆಯುವಾಗ ಮುಂದೆ ಒಂದು ‘ಕೆ’ ಸುಮ್ನೆ ಕೂತಿರುತ್ತೆ. ಹಿಂದೆ ಅದನ್ನು ಉಚ್ಚರಿಸುತ್ತಿದ್ದರು, ‘ಕ್ನೇ’ ಅಂತ. ಜ್ಞಾನದ ‘ಜ್ಞಾ’ಗೆ ಎದುರು ‘ನೋ’, ತಿಳಿ ಅಂತ ಅರ್ಥ, ಅದರಲ್ಲೂ ಮುಂದೆ ಅದೇ ಮೂಕ ‘ಕೆ’. ಹಾಗೆಯೇ ‘ಜನ’ದ ಎದುರು ‘ಕಿನ್’. ಒಂದು ಜೋಡಿ ಆಗಿದ್ದರೆ ಕಾಕತಾಳೀಯ ಅನ್ನಬಹುದಿತ್ತು, ಸಾಲು ಸಾಲಾಗಿ ಬಂದರೆ ಅದು ನಿಯಮ.

ತರಗತಿಯಲ್ಲಿ ಇದನ್ನು ಹೇಳುವಾಗ ನಾನು ಬೋರ್ಡಿನ ಮೇಲೆ ಜನ, ಜನ್ಮ, ಜನನಿ, ಜಾತಿ ಅಂತ ಬರೆದು ಕೊನೆಗೆ ಇನ್ನೊಂದು ಪದ ಬರೀತೀನಿ: ಪ್ರಜೆ. ಅದೂ ಅದೇ ‘ಜನ್’ ಧಾತುವಿನಿಂದ ಬಂದದ್ದು. ಕಿಂಗ್ ಮತ್ತು ಪ್ರಜೆ ಒಂದೇ ಬೇರಿನ ಎರಡು ಟೊಂಗೆ. ಹಿಂದಿನ ಬೆಂಚಿನ ಹುಡುಗನೊಬ್ಬ ಒಮ್ಮೆ ಕೇಳಿದ, ‘ಹಾಗಾದ್ರೆ ಕಂದಾಯ ಯಾರು ಯಾರಿಗೆ ಕೊಡಬೇಕಿತ್ತು ಸರ್?’

‘ಕ್ಯಾನ್’ ಅನ್ನೋದರಿಂದ ಕಿಂಗ್ ಬಂತು, ಸಮರ್ಥನಾದವನೇ ರಾಜ ಅಂತ ಓದಿದ್ದೆ

ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಲೇಖಕ ಥಾಮಸ್ ಕಾರ್ಲೈಲ್ ಹೇಳಿದ ಮಾತು ಅದು. ಕಿಂಗ್ ಅಂದರೆ ‘ಕ್ಯಾನಿಂಗ್’, ಕೈಲಾಗುವವನು ಅಂತ. ವೀರಪುರುಷರೇ ಚರಿತ್ರೆ ಮಾಡೋದು ಅನ್ನೋ ಅವರ ನಂಬಿಕೆಗೆ ಚೆನ್ನಾಗಿ ಹೊಂದಿಕೊಳ್ಳುತ್ತೆ, ಪದದ ಹುಟ್ಟಿಗೆ ಹೊಂದಿಕೊಳ್ಳೋದಿಲ್ಲ. ನಾವೂ ಇಂಥದ್ದು ಮಾಡಿದ್ದೇವೆ. ‘ಜನರನ್ನು ರಂಜಿಸುವವನು ರಾಜ’ ಅಂತ ಹಳೆಯ ಸಂಸ್ಕೃತ ಕವಿಗಳೇ ಬಿಡಿಸಿ ಹೇಳಿದ್ದಾರೆ. ಕೇಳೋಕೆ ಚೆಂದ, ರಾಜನಿಗೆ ಬುದ್ಧಿ ಹೇಳಿದ ಹಾಗೂ ಆಯ್ತು. ಭಾಷಾಶಾಸ್ತ್ರ ಮಾತ್ರ ಒಪ್ಪೋದಿಲ್ಲ.

ಹಾಗಾದ್ರೆ ‘ರಾಜ’ದ ಬೇರು ಯಾವುದು? ಲ್ಯಾಟಿನ್ನಿನ ‘ರೆಕ್ಸ್’ ಅದರ ನೆಂಟನಂತೆ?

ಹೌದು, ಖಾಸಾ ನೆಂಟ. ‘ನೇರ ಮಾಡು, ನೇರ ದಾರಿಯಲ್ಲಿ ನಡೆಸು’ ಅನ್ನೋದು ಎರಡರ ಬೇರಿನ ಅರ್ಥ ಅಂತ ಹೆಚ್ಚಿನವರು ಹೇಳ್ತಾರೆ. ಸಂಸ್ಕೃತದ ‘ಋಜು’, ಇಂಗ್ಲಿಷಿನ ರೈಟ್, ರೂಲ್, ಕರೆಕ್ಟ್ ಎಲ್ಲ ಆ ಬಳಗದವು. ಅಚ್ಚರಿಯದು ‘ರಿಚ್’. ಹಳೆಯ ಕೆಲ್ಟಿಕ್ ಜನರ ‘ರಿಕ್ಸ್’, ಅಂದರೆ ರಾಜ, ಜರ್ಮನ್ ಕಡೆಗೆ ದಾಟಿ ಮೊದಲು ಬಲಶಾಲಿ ಅಂತಾಗಿ ಆಮೇಲೆ ಶ್ರೀಮಂತ ಅಂತಾಯ್ತು. ಅಧಿಕಾರ ಇದ್ದವನ ಕೈಗೆ ದುಡ್ಡು ಬರೋದು ಹೊಸ ವಿಷಯವೇನಲ್ಲ ಬಿಡಿ.

ಕಿಂಗ್ ಪದದ ಹಳೇ ರೂಪ ಈಗಲೂ ಎಲ್ಲಾದರೂ ಉಳಿದಿದೆಯಾ?

ಫಿನ್ಲೆಂಡಿನಲ್ಲಿ. ಜರ್ಮನ್, ಇಂಗ್ಲಿಷ್, ಸ್ವೀಡಿಷ್ ಎಲ್ಲಕ್ಕೂ ತಾಯಿಯಾದ ನುಡಿಯಲ್ಲಿ ಈ ಪದ ‘ಕುನಿಂಗಜ್’ ಅಂತ ಇದ್ದಿರಬೇಕು ಅಂತ ಪಂಡಿತರು ಲೆಕ್ಕ ಹಾಕಿ ಕಟ್ಟಿದ್ದಾರೆ. ಫಿನ್ನಿಷ್ ಆ ಕುಟುಂಬಕ್ಕೆ ಸೇರಿದ ಭಾಷೆಯೇ ಅಲ್ಲ, ಆದರೆ ಬಹಳ ಹಿಂದೆ ಈ ಪದವನ್ನು ಸಾಲ ತಗೊಂಡಿತು. ಇವತ್ತೂ ಅಲ್ಲಿ ರಾಜನಿಗೆ ‘ಕುನಿಂಗಸ್’ ಅಂತಾರೆ. ಸ್ವಂತ ಮನೆಯಲ್ಲಿ ಸವೆದು ಮುರಿದ ಪಾತ್ರೆ ಪಕ್ಕದ ಮನೆಯ ಅಟ್ಟದಲ್ಲಿ ಹೊಳೆಯುತ್ತಾ ಕೂತ ಹಾಗೆ. ಅದೇ ಪದ ಲಿಥುವೇನಿಯಾಕ್ಕೆ ಹೋಗಿ ‘ಕುನಿಗಸ್’ ಆಯ್ತು, ಅಲ್ಲಿ ಅದರ ಈಗಿನ ಅರ್ಥ ಪಾದ್ರಿ. ರಷ್ಯಾದಲ್ಲಿ ‘ಕ್ನ್ಯಾಝ್’ ಆಗಿ ರಾಜಕುಮಾರನ ಮಟ್ಟಕ್ಕೆ ಇಳಿಯಿತು.

ರಷ್ಯನ್ನರು, ಪೋಲೆಂಡಿನವರು ರಾಜನಿಗೆ ಬಳಸೋ ಪದ ಇನ್ನೂ ಮಜವಾಗಿದೆ: ‘ಕರೋಲ್’, ‘ಕ್ರುಲ್’. ಅದು ಕಾರ್ಲ್ ಅನ್ನೋ ಒಬ್ಬ ಮನುಷ್ಯನ ಹೆಸರು, ಸುಮಾರು ಸಾವಿರದ ಇನ್ನೂರು ವರ್ಷದ ಹಿಂದೆ ಯುರೋಪಿನ ಅರ್ಧ ಆಳಿದ ಶಾರ್ಲಮೇನ್. ಕಾರ್ಲ್ ಇಂಗ್ಲಿಷಿನಲ್ಲಿ ಚಾರ್ಲ್ಸ್. ಈಗ ಲಂಡನ್ನಿನಲ್ಲಿರೋ ಕಿಂಗ್ ಚಾರ್ಲ್ಸ್ ಅವರ ಹೆಸರಿನ ಬೇರು ಹಿಡಿದು ಹೊರಟರೆ ರಾಜ ಅನ್ನೋದು ಎರಡು ಸಲ ಬರುತ್ತೆ.

‘ಕಿಂಗ್ ಆಫ್ ಇಂಗ್ಲೆಂಡ್’ ಅನ್ನೋ ಬಿರುದು ಮೊದಲಿಂದಲೂ ಇತ್ತಾ?

ಇರಲಿಲ್ಲ. ಅಧಿಕೃತ ಕಾಗದಗಳು ಲ್ಯಾಟಿನ್ನಿನಲ್ಲಿರುತ್ತಿದ್ದವು, ಅದರಲ್ಲಿ ಹಳೆಯ ರಾಜರು ‘ರೆಕ್ಸ್ ಆಂಗ್ಲೋರಮ್’, ಅಂದರೆ ಇಂಗ್ಲಿಷ್ ಜನರ ರಾಜ. 1199ರಲ್ಲಿ ಪಟ್ಟಕ್ಕೆ ಬಂದ ಜಾನ್ ಕಾಲದಿಂದ ‘ರೆಕ್ಸ್ ಆಂಗ್ಲಿಯೇ’, ಇಂಗ್ಲೆಂಡ್ ನೆಲದ ರಾಜ ಅನ್ನೋದು ನಿಂತಿತು. ಕಿಂಗ್ ಅನ್ನೋದು ಕುಲದಿಂದ, ಜನದಿಂದ ಹುಟ್ಟಿದ ಪದ ಅನ್ನೋದನ್ನು ನೆನಪಿಟ್ಟುಕೊಂಡರೆ ಹಳೇ ಬಿರುದೇ ಅದಕ್ಕೆ ಸರಿ ಹೊಂದುತ್ತಿತ್ತು ಅನಿಸುತ್ತೆ. ಬೆಲ್ಜಿಯಂ ರಾಜರ ಬಿರುದು ಇವತ್ತಿಗೂ ‘ಬೆಲ್ಜಿಯನ್ನರ ರಾಜ’ ಅಂತಲೇ ಇದೆ.

ನಮ್ಮ ‘ಅರಸು’ ಅಚ್ಚಕನ್ನಡವಾ, ಅಥವಾ ಅದೂ ಎಲ್ಲಿಂದಲೋ ಬಂದದ್ದಾ?

ಬಹಳ ಜನರಿಗೆ ಬೇಜಾರಾಗುವ ಉತ್ತರ: ಸಂಸ್ಕೃತದ ‘ರಾಜನ್’ನಿಂದಲೇ ಬಂದಿರಬೇಕು ಅಂತ ಅನೇಕ ವಿದ್ವಾಂಸರು ಹೇಳ್ತಾರೆ, ಒಪ್ಪದವರೂ ಇದ್ದಾರೆ. ದ್ರಾವಿಡ ನುಡಿಗಳಲ್ಲಿ ಹಿಂದೆ ಪದದ ಶುರುವಿನಲ್ಲೇ ‘ರ’ ಬರುತ್ತಿರಲಿಲ್ಲ, ಮುಂದೆ ಒಂದು ಸ್ವರ ಸೇರಿಸಬೇಕಿತ್ತು. ‘ರಂಗ’ ತಮಿಳಿನಲ್ಲಿ ‘ಅರಂಗ’ ಆಗುತ್ತೆ, ಶ್ರೀರಂಗವನ್ನು ಅವರು ‘ತಿರುವರಂಗ’ ಅಂತಾರೆ. ಹಾಗೆ ‘ರಾಜ’ ‘ಅರಸ’ ಆಯ್ತು. ಹಾಗೇ ಆಗಿದ್ದರೂ ಇಷ್ಟು ಶತಮಾನ ನಮ್ಮ ಬಾಯಲ್ಲಿ ಬಾಳಿದ ಪದ ನಮ್ಮದೇ ಅಲ್ವಾ?

ಹೆಸರಿನ ಕೊನೆಗೆ ಕಿಂಗ್ ಇರುವವರೆಲ್ಲ ರಾಜವಂಶದವರಾ?

ಇಲ್ಲವೇ ಇಲ್ಲ. ಹಳೆಯ ಇಂಗ್ಲೆಂಡಿನ ಊರ ನಾಟಕದಲ್ಲಿ ರಾಜನ ಪಾತ್ರ ಹಾಕಿದವನಿಗೂ, ಠೀವಿಯಿಂದ ನಡೆಯುವವನಿಗೂ ಜನ ತಮಾಷೆಗೆ ಇಟ್ಟ ಅಡ್ಡಹೆಸರು ಆಮೇಲೆ ಮನೆತನದ ಹೆಸರಾಯ್ತು. ನಿಜವಾದ ರಾಜವಂಶದ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಹೊಕ್ಕರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ಮೈಸೂರು ಅರಸರ ಬಳಗದವರು ಹೆಸರಿನ ಕೊನೆಗೆ ‘ಅರಸು’ ಅಂತ ಇಟ್ಟುಕೊಳ್ಳುತ್ತಾರೆ. ಅದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಯಾವಾಗಲೋ ಮೂರೇ ಅಕ್ಷರಕ್ಕೆ ಇಳಿಸಿಬಿಟ್ಟರು. ಹೊರ ರಾಜ್ಯದವರು ಈಗಲೂ ನಮ್ಮ ಹಳೆಯ ಮುಖ್ಯಮಂತ್ರಿಯನ್ನು ‘ದೇವರಾಜ್ ಅರ್ಸ್’ ಅಂತ ಓದ್ತಾರೆ.